ಆನೆ ಸೀಟಿನಲ್ಲಿ ಮೂರು ನಿಮಿಷ

ಏಪ್ರಿಲ್ 11, ಶುಕ್ರವಾರ

ಈ ಡೈರಿ ಬಸ್ಸಿನಲ್ಲಿ ಬಿದ್ದುಹೋಗಿ ಯಾರಿಗಾದರೂ ಸಿಕ್ಕರೆ ದಯವಿಟ್ಟು ಮುಂದೆ ಓದಬೇಡಿ, ಕಾಲೇಜಿಗೆ ತಲುಪಿಸಿ. ಯೂಗೋ, ಮೊದಲ ವರ್ಷ, ಸಿವಿಲ್ ಎಂಜಿನಿಯರಿಂಗ್, ಮಾತ್ಸುಯೆ. ಅಮ್ಮ ಇದೇ ಊರಿನವಳು, ಅಪ್ಪ ಇಂಗ್ಲೆಂಡಿನವನು. ಎಂಟು ವರ್ಷದವರೆಗೆ ಇಲ್ಲಿದ್ದೆ, ಆಮೇಲೆ ಹತ್ತು ವರ್ಷ ಯಾರ್ಕ್‌ಷೈರಿನ ಹಾಸ್ಟೆಲ್ಲು. ಹಾಗಾಗಿ ಎರಡೂ ದೇಶಗಳಲ್ಲಿ ಅರ್ಧರ್ಧ ತಪ್ಪು ಮಾಡುತ್ತೇನೆ.

ಬೆಳಿಗ್ಗೆ ಮೊದಲ ಕ್ಲಾಸಿನಲ್ಲೇ ಒಂದು ಮಾಡಿದೆ. ಮೂಗು ಕಟ್ಟಿತ್ತು. ಅಪ್ಪ ಕೊಟ್ಟ ಬಟ್ಟೆಯ ಕರವಸ್ತ್ರ ತೆಗೆದು, ಹಾಸ್ಟೆಲ್ಲಿನಲ್ಲಿ ಎಲ್ಲರೂ ಮಾಡುತ್ತಿದ್ದ ಹಾಗೆ ಭೋರೆಂದು ಮೂಗು ಸೀಟಿ, ಮಡಚಿ, ಜೇಬಿಗಿಟ್ಟುಕೊಂಡೆ. ಇನ್ನೂರು ತಲೆಗಳು ತಿರುಗಿದವು. ಮೇಷ್ಟ್ರು ಸೇತುವೆಯ ಭಾರದ ಲೆಕ್ಕವನ್ನು ಅರ್ಧಕ್ಕೆ ನಿಲ್ಲಿಸಿದರು. ಮುಂದಿನ ಬೆಂಚಿನ ಹುಡುಗಿ ತನ್ನ ಚೀಲವನ್ನು ಮೆಲ್ಲಗೆ ಹತ್ತಿರ ಎಳೆದುಕೊಂಡಳು. ಇಲ್ಲಿ ದಿನವಿಡೀ ಸೊರಸೊರನೆ ಮೂಗೇರಿಸಿಕೊಳ್ಳಬಹುದು, ಯಾರೂ ಏನೂ ಅನ್ನುವುದಿಲ್ಲ. ನಾಲ್ಕು ಜನರೆದುರು ಸೀಟಬಾರದು. ಎಂಟು ವರ್ಷದವನಿದ್ದಾಗ ನನಗೂ ಗೊತ್ತಿತ್ತು. ಸೀಟಿದ್ದನ್ನು ಜೇಬಿಗೆ ಹಾಕಿಕೊಂಡದ್ದಕ್ಕಂತೂ ಕ್ಷಮೆಯೇ ಇಲ್ಲವೆಂದು ಆ ಚೀಲ ಹೇಳಿತು.

ಮಧ್ಯಾಹ್ನ ಎರಡನೆಯ ತಪ್ಪು. ಗ್ರಂಥಾಲಯದ ಮುಂದೆ ಸಂಘಗಳವರು ಮೇಜು ಹಾಕಿಕೊಂಡು ಹೊಸಬರನ್ನು ಹಿಡಿಯುತ್ತಿದ್ದರು. ನನ್ನ ಉದ್ದ ನೋಡಿ ಬ್ಯಾಸ್ಕೆಟ್‌ಬಾಲಿನವರು ಅಟ್ಟಿಸಿಕೊಂಡು ಬಂದರು. ಜನವಿಲ್ಲದ ಒಂದು ಮೇಜಿನ ಹಿಂದೆ ಕುಕ್ಕರಿಸಿ ಕೂತೆ.

"ಅಡಗೋಕ್ ಬಂದ್ಯಾ, ಸೇರೋಕ್ ಬಂದ್ಯಾ?" ಮೇಜಿನ ಮೇಲಿಂದ ಒಂದು ಮುಖ ಬಗ್ಗಿತು.

"ಸೇ... ಸೇರೋಕೆ."

"ಸರಿ, ಇಲ್ಲಿ ಹೆಸರು ಬರಿ. ಸೆಂಟ್ ಹಾಕ್ಕೊಂಡ್ ಬರಬಾರ್ದು, ಬೆಳ್ಳುಳ್ಳಿ ತಿಂದ್ ಬರಬಾರ್ದು. ನಾನು ಚಿಗುಸಾ, ಮೂರನೇ ವರ್ಷ. ನನ್ನನ್ನ ಕ್ಯಾಪ್ಟನ್ ಅನ್ನು."

ಹೆಸರು ಬರೆದು ಮುಗಿಸಿದ ಮೇಲೆ ಬೋರ್ಡು ಓದಿದೆ. ಧೂಪ ಸಂಘ. ಸುವಾಸನೆಗಳನ್ನು ಗುರುತಿಸುವ ಕಲೆ.

ಮೂರು ವರ್ಷದಿಂದ ನನಗೆ ಯಾವ ವಾಸನೆಯೂ ಬರುವುದಿಲ್ಲ. ಸೈನಸ್ಸು. ನಿನ್ನೆ ಹಳಸಿದ ಹಾಲನ್ನು ಇಡೀ ಲೋಟ ಕುಡಿದೆ, ಮೊಸರಿನ ಹಾಗೆ ಗಟ್ಟಿಯಾದಾಗಷ್ಟೇ ಅನುಮಾನ ಬಂತು.

ಏಪ್ರಿಲ್ 18, ಶುಕ್ರವಾರ

ಅನಾಹುತ. ಗೆದ್ದುಬಿಟ್ಟೆ.

ಆಟ ಹೀಗೆ. ಟೀಚರ್ ಇಕೋಮಾ, ಎಂಬತ್ತೊಂದು ವರ್ಷ, ಅಂಗೈಯಗಲದ ಬಟ್ಟಲಿನ ಬೂದಿಯೊಳಗೆ ಕೆಂಡ ಹುಗಿದು, ಮೇಲೆ ಅಕ್ಕಿಕಾಳಿನಷ್ಟು ಅಗರಿನ ಚೂರು ಇಡುತ್ತಾರೆ. ಮೊದಲು ಮಾದರಿಯ ಬಟ್ಟಲು ಕೈಯಿಂದ ಕೈಗೆ ಸಾಗುತ್ತದೆ. ಆಮೇಲೆ ಐದು ಬಟ್ಟಲು. ಪ್ರತಿಯೊಂದೂ ಮಾದರಿಯದೋ ಬೇರೆಯದೋ ಎಂದು ಚೀಟಿಯಲ್ಲಿ ಬರೆಯಬೇಕು. ಮೊದಲು ಕೂರುವವನು ನುಕಾಗಾ, ಎರಡನೆಯ ವರ್ಷ, ಮಾತೇ ಆಡದವನು. ಆಮೇಲೆ ಕ್ಯಾಪ್ಟನ್. ಆಮೇಲೆ ನಾನು. ಸಂಘ ಅಂದರೆ ಅಷ್ಟೇ, ಮೂರು ಜನ.

ಬಟ್ಟಲು ನನ್ನ ಕೈಗೆ ಬಂದಾಗ ಬಿಸಿ ಗೊತ್ತಾಯಿತು, ಇನ್ನೇನೂ ಇಲ್ಲ. ಹತ್ತು ವರ್ಷ ಹಾಸ್ಟೆಲ್ಲಿನಲ್ಲಿದ್ದವನಿಗೆ ಒಂದು ವಿದ್ಯೆ ಬರುತ್ತದೆ: ಗೊತ್ತಿಲ್ಲದಿದ್ದರೆ ಪಕ್ಕದವರ ಮುಖ ನೋಡು. ವಾರ್ಡನ್ ಯಾವ ದಿನ ಕಪಾಟು ತಪಾಸಣೆ ಮಾಡುತ್ತಾರೆಂಬುದನ್ನು ನಾನು ಅವರ ಗದ್ದದಿಂದ ಹೇಳಬಲ್ಲವನಾಗಿದ್ದೆ. ಕ್ಯಾಪ್ಟನ್ನಳ ಮುಖ ಕಲ್ಲು. ಆದರೆ ಎರಡನೆಯ ಬಟ್ಟಲಿಗೆ ಅವಳ ಎಡಗಿವಿ ಅಲ್ಲಾಡಿತು. ಒಂದೇ ಒಂದು ಸಲ, ನೊಣ ಕೂತ ಹಸುವಿನ ಕಿವಿಯ ಹಾಗೆ. ಮೂರಕ್ಕೆ ಇಲ್ಲ. ನಾಲ್ಕಕ್ಕೆ ಮತ್ತೆ ಅಲ್ಲಾಡಿತು. ಏನಾದರಾಗಲೆಂದು ಅಲ್ಲಾಡಿದ್ದಕ್ಕೆಲ್ಲ ಮಾದರಿ ಎಂದು ಬರೆದೆ. ಐದಕ್ಕೆ ಐದೂ ಸರಿ.

ನುಕಾಗಾನದೂ ಕ್ಯಾಪ್ಟನ್ನಳದೂ ಐದಕ್ಕೆ ಐದು. ಆದರೆ ಅವರು ಹಳಬರು, ಅವರನ್ನು ಯಾರೂ ಕೇಳಲಿಲ್ಲ. ಟೀಚರ್ ನನ್ನ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಮೊದಲನೇ ದಿನಾನೇ! ಎಷ್ಟ್ ವರ್ಷದಿಂದ ಇಂಥಾ ಮೂಗಿಗೆ ಕಾಯ್ತಿದ್ದೆ ಗೊತ್ತೇನಪ್ಪಾ?"

ನಾನು ನನ್ನ ಮೂಗನ್ನು ಮುಟ್ಟಿ ನೋಡಿಕೊಂಡೆ. ಅದು ಅಪ್ಪನದು. ದೊಡ್ಡದು, ಅಷ್ಟೇ.

ಮೇ 2, ಶುಕ್ರವಾರ

ಮೂರನೆಯ ಸಲವೂ ಐದಕ್ಕೆ ಐದು. ಬೇಕೆಂದೇ ಒಂದು ತಪ್ಪು ಬರೆಯೋಣವೆಂದುಕೊಂಡಿದ್ದೆ, ಆದರೆ ಟೀಚರ್ ಮುಖ ನೋಡಿ ಆಗಲಿಲ್ಲ.

ಆಟ ಮುಗಿದ ಮೇಲೆ ಅವರು ಒಂದು ಪುಟ್ಟ ರೇಷ್ಮೆ ಚೀಲ ಬಿಚ್ಚಿದರು. ಒಳಗೆ ಕಾಗದ, ಕಾಗದದೊಳಗೆ ಇನ್ನೊಂದು ಕಾಗದ, ಅದರೊಳಗೆ ಕಪ್ಪನೆಯ ಒಂದು ಚೂರು. ಕಿರುಬೆರಳ ಉಗುರಿನ ಕಾಲುಭಾಗ.

"ಇದು ನಮ್ಮಜ್ಜಿಯ ಅಜ್ಜಿ ಕಾಲದ್ದು. ಉಳಿದಿರೋದು ಇಷ್ಟೇ, ಒಂದ್ಸಲಕ್ಕೆ ಆಗತ್ತೆ. ಇಷ್ಟ್ ದಿನ ಹಚ್ಚೋ ಮನಸ್ಸಾಗ್ಲಿಲ್ಲ. ಜೂನ್ ಇಪ್ಪತ್ತೊಂದಕ್ಕೆ ಹಳೇ ವಿದ್ಯಾರ್ಥಿಗಳೆಲ್ಲಾ ಬರ್ತಾರಲ್ಲಾ, ಅವತ್ತು ಐದು ಬಟ್ಟಲಾದ್ಮೇಲೆ ಇದನ್ನ ಹಚ್ಚೋಣ. ಯೂಗೋ ಇದಾನೆ ಈಗ."

ಕ್ಯಾಪ್ಟನ್ ಚಪ್ಪಾಳೆ ತಟ್ಟಿದಳು. ನುಕಾಗಾ ನನ್ನನ್ನೇ ನೋಡಿದ.

ಇನ್ನೂರು ವರ್ಷ ಉಳಿದುಕೊಂಡು ಬಂದ ಚೂರು, ಒಂದೇ ಸಲ ಉರಿದು ಮುಗಿಯುವುದು, ಅದೂ ನನ್ನ ಸತ್ತ ಮೂಗಿನ ಕೆಳಗೆ. ಹೇಳಿಬಿಡಬೇಕು. ಹೇಳಿದರೆ ಚಿಗುಸಾಳ ಕಿವಿಯ ವಿಷಯವೂ ಹೇಳಬೇಕು. ಹೇಳಿದರೆ ಶುಕ್ರವಾರ ಐದು ಗಂಟೆಗೆ ನಾನು ಎಲ್ಲಿ ಹೋಗಲಿ? ಇಡೀ ವಾರದಲ್ಲಿ ನನ್ನ ಹೆಸರು ಹಿಡಿದು ಕರೆಯುವ ಜಾಗ ಅದೊಂದೇ.

ಐವತ್ತು ದಿನ ಇದೆ. ಮೂಗು ರಿಪೇರಿ ಮಾಡಿಸಬೇಕು.

ಮೇ 7, ಬುಧವಾರ

ಕಾಲುವೆಯ ಪಕ್ಕದ ಕಿವಿ-ಮೂಗು-ಗಂಟಲು ಕ್ಲಿನಿಕ್ಕು. ಡಾಕ್ಟರ್ ಕದೊವಾಕಿ ಅರವತ್ತರ ಹೆಂಗಸು, ಹಣೆಗೆ ಕನ್ನಡಿ, ಬಾಯಿಗೆ ಬ್ರೇಕಿಲ್ಲ.

"ಎಷ್ಟ್ ದಿನದಿಂದ?"

"ಮೂರು ವರ್ಷ, ಡಾಕ್ಟ್ರೇ."

"ಮೂರ್ ವರ್ಷ ಈ ಕೀವು ಸಾಕಿದೀಯಾ? ಹೆಸರೇನಾದ್ರೂ ಇಟ್ಟಿದೀಯಾ ಅದಕ್ಕೆ?"

ಇಂಗ್ಲೆಂಡಿನಲ್ಲಿ ನಾಲ್ಕು ಸಲ ಆ್ಯಂಟಿಬಯಾಟಿಕ್ ಮಾತ್ರೆ ನುಂಗಿದ್ದೇನೆ, ಮೂಗಿಗೆ ಏನೂ ಆಗಲಿಲ್ಲ, ಹೊಟ್ಟೆಗೆ ಬಹಳ ಆಯಿತು ಎಂದೆ. ಅವರು ಹತ್ತಿ ಸುತ್ತಿದ ಕಡ್ಡಿಯನ್ನು ಮೂಗಿನೊಳಗೆ ತೂರಿಸಿದರು. ಬಹುಶಃ ಮಿದುಳಿನ ಸ್ಯಾಂಪಲ್ಲೂ ಬಂದಿರಬೇಕು.

"ಇದನ್ನ ಲ್ಯಾಬಿಗೆ ಕಳಿಸ್ತೀನಿ. ಒಳಗೆ ಯಾವ ಕ್ರಿಮಿ ಸಂಸಾರ ಮಾಡ್ತಿದೆ ನೋಡಿ ಅದಕ್ಕೆ ತಕ್ಕ ಔಷಧಿ. ಮಾತ್ರೆ ಹೊಟ್ಟೆಗ್ ಹೋಗಿ, ಮೈಯೆಲ್ಲಾ ಸುತ್ತಾಡಿ, ಮೂಗಿನ್ ಹತ್ರ ಬರೋಷ್ಟ್ರಲ್ಲಿ ಸುಸ್ತಾಗಿರತ್ತೆ. ಇದನ್ನ ಮಂಜು ಮಾಡಿ ನೇರ ಮೂಗಿಗೇ ಬಿಡ್ತೀವಿ."

"ಆಗತ್ತಾ ಡಾಕ್ಟ್ರೇ? ಜೂನ್ ಇಪ್ಪತ್ತೊಂದರೊಳಗೆ?"

"ಕೆಲವ್ರಿಗ್ ಆಗತ್ತೆ, ಕೆಲವ್ರಿಗ್ ಆಗಲ್ಲ. ಗ್ಯಾರಂಟಿ ಬೇಕಿದ್ರೆ ವಾಷಿಂಗ್ ಮಷೀನ್ ತಗೋ. ವಾರಕ್ಕೆ ಮೂರ್ ದಿನ ಬಾ, ಒಂದೂ ತಪ್ಪಿಸ್ಬೇಡ. ಮನೇಲಿ ದಿನಾ ಎರಡ್ ಸಲ ಉಪ್ಪುನೀರಲ್ಲಿ ತೊಳ್ಕೋ, ಕಾಯಿಸಿ ಆರಿಸಿದ ನೀರು. ಮತ್ತೆ, ಆ ಸೊರಸೊರ ಎಳ್ಕೊಳೋದು ನಿಲ್ಸು. ಎಳ್ಕೊಂಡ್ರೆ ಎಲ್ಲಾ ವಾಪಸ್ ಒಳಗೇ ಹೋಗತ್ತೆ. ಸೀಟು!"

"ಜನ ಇರ್ತಾರೆ ಡಾಕ್ಟ್ರೇ."

"ಜನ ಇರೋ ಊರಲ್ಲೇ ಮೂಗೂ ಇರೋದು."

ಹೇಳುವುದು ಸುಲಭ. ಅವರು ಇನ್ನೂರು ತಲೆ ತಿರುಗಿದ್ದನ್ನು ನೋಡಿಲ್ಲ.

ಮೇ 12, ಸೋಮವಾರ

ಲ್ಯಾಬಿನಿಂದ ಬಂತು. ಔಷಧಿ ಗೊತ್ತಾಯಿತು. ಇವತ್ತು ಮೊದಲ ಮಂಜು.

ಕ್ಲಿನಿಕ್ಕಿನ ಒಂದು ಗೋಡೆಗೆ ಉದ್ದನೆಯ ಕಟ್ಟೆ, ಕಟ್ಟೆಯಿಂದ ಆರು ರಬ್ಬರ್ ಕೊಳವೆ, ಮುಂದೆ ಆರು ಸ್ಟೂಲು. ಮಕ್ಕಳು ಅಳದಿರಲೆಂದು ಪ್ರತಿಯೊಂದಕ್ಕೂ ಒಂದು ಪ್ರಾಣಿಯ ಚಿತ್ರ. ನರ್ಸು ನನ್ನ ಕೈಗೆ ಎರಡು ಕವಲಿನ ಗಾಜಿನ ನಳಿಕೆ ಕೊಟ್ಟು ಆನೆಯ ಮುಂದೆ ಕೂರಿಸಿದಳು. ಎರಡೂ ಹೊಳ್ಳೆಗೆ ಸಿಕ್ಕಿಸಿಕೊಂಡರೆ ಬುಸ್ಸೆಂದು ತಣ್ಣನೆಯ ಮಂಜು. ಮೂರು ನಿಮಿಷ. ಮುಗಿದಾಗ ಟಿಂಗ್ ಅನ್ನುತ್ತದೆ.

ಪಕ್ಕದ ನೀರಾನೆ ಸೀಟಿನಲ್ಲಿ ಒಬ್ಬ ಮುದುಕ, ರಬ್ಬರ್ ಬೂಟು, ಮೂಗಿನಲ್ಲಿ ನಳಿಕೆ.

"ದೀದು ಹೊಸಬದಾ?" ಅಂದ.

"ಆಂ?"

"ದಾದು ಫುಕುಬಾ. ಬೂವತ್ತು ವರ್ಷದಿಂದ ದೀರಾದೆ ದಂದೇ."

ಟಿಂಗ್ ಆಗಿ ನಳಿಕೆ ತೆಗೆದ ಮೇಲೆ ತಿಳಿಯಿತು: ನಾನು ಫುಕುಮಾ, ಮೂವತ್ತು ವರ್ಷದಿಂದ ನೀರಾನೆ ನಂದೇ. ಶಿಂಜಿ ಸರೋವರದಲ್ಲಿ ತಿನ್ನುವ ಚಿಪ್ಪುಮೀನು ಹಿಡಿಯುವವರು. ಬೆಳಗಿನ ಚಳಿಗೆ ಮೂಗು ಹಾಳಾಗಿದೆಯಂತೆ. ಆಮೇಲೆ ಅವರು ಎದ್ದು, ಪೆಟ್ಟಿಗೆಯಿಂದ ನಾಲ್ಕು ಕಾಗದ ಎಳೆದು, ಎಲ್ಲರೆದುರು, ಲಾರಿಯ ಹಾರನ್ನಿನ ಹಾಗೆ ಮೂಗು ಸೀಟಿದರು. ಯಾರೂ ತಿರುಗಿ ನೋಡಲಿಲ್ಲ. ಮೊಲದ ಸೀಟಿನ ಮಗುವೂ ಸೀಟಿತು. ಅದರ ತಾಯಿಯೂ.

ನಾನು ಶೌಚಾಲಯಕ್ಕೆ ಹೋಗಿ, ನೀರು ಬಿಟ್ಟು, ಆ ಸದ್ದಿನಲ್ಲಿ ಸೀಟಿ ಬಂದೆ.

ಮೇ 16, ಶುಕ್ರವಾರ

ಕಾಲೇಜಿನಲ್ಲಿ ಮೂಗು ಸೀಟಲು ತಕ್ಕ ಜಾಗಗಳು: ಮೂರನೆಯ ಮಹಡಿಯ ಶೌಚಾಲಯ, ಹನ್ನೊಂದರ ನಂತರ. ಕಾಂಕ್ರೀಟ್ ಲ್ಯಾಬು, ಮಿಕ್ಸರ್ ತಿರುಗುವಾಗ. ರೈಲು ಗೇಟು, ಗಾಡಿ ಬಂದಾಗ. ಇವತ್ತು ರೈಲು ಅರ್ಧದಲ್ಲೇ ಹೋಗಿಬಿಟ್ಟಿತು, ನಾನು ನಿಲ್ಲಿಸಲಾಗಲಿಲ್ಲ. ಸೈಕಲ್ಲಿನ ಒಬ್ಬ ಹೆಂಗಸು ಇನ್ನೊಂದು ಗಾಡಿ ಬರುತ್ತಿದೆಯೆಂದು ಕಾಯುತ್ತ ನಿಂತಳು.

ಸಂಘದಲ್ಲಿ ಐದಕ್ಕೆ ಐದು. ಕಿವಿ ಚೆನ್ನಾಗಿ ಕೆಲಸ ಮಾಡುತ್ತಿದೆ. ಮೂಗು ಇಲ್ಲ.

ಮೇ 21, ಬುಧವಾರ

ಐದು ಸಲ ಮಂಜು ಆಯಿತು, ಏನೂ ಇಲ್ಲ. ಬಸ್ಸಿನಲ್ಲಿ ಪಕ್ಕದವನ ಒದ್ದೆ ಕೊಡೆ ಮುಗ್ಗಲು ಹಿಡಿದಿತ್ತು, ಎದ್ದು ಬೇರೆ ಸೀಟಿಗೆ ಹೋದೆ. ಜನ ಕೊಡೆಯನ್ನು ಒಣಗಿಸಿ ಮಡಚಬಾರದೇ? ಡಾಕ್ಟರರನ್ನು ಕೇಳಿದೆ, "ಯಾವಾಗ ಗೊತ್ತಾಗತ್ತೆ?"

"ಗೊತ್ತಾದಾಗ ಗೊತ್ತಾಗತ್ತೆ. ದಿನಾ ಮಣ್ ತೋಡಿ ಬೀಜ ನೋಡ್ಬಾರ್ದು."

ಫುಕುಮಾ ತಾತ ಒಂದು ಚೀಲ ಚಿಪ್ಪು ಕೊಟ್ಟರು. "ಆನೆ ಬರೀ ಬ್ರೆಡ್ ತಿನ್ನತ್ತಂತೆ, ನರ್ಸಮ್ಮ ಹೇಳಿದ್ಲು. ಉಪ್ಪುನೀರಲ್ಲಿ ಮರಳು ಬಿಡ್ಸು, ಮೀಸೋ ಅಂತ ಸೋಯಾ ಪೇಸ್ಟ್ ಸಿಗತ್ತೆ, ಅದನ್ ಹಾಕಿ ಕುದಿಸು. ಚಿಪ್ಪು ಬಾಯ್ ಬಿಟ್ರೆ ಒಲೆ ಆರಿಸು. ಬಾಯ್ ಬಿಡ್ದೇ ಇರೋದನ್ನ ಬಲವಂತ ಮಾಡ್ಬೇಡ, ಎಸೆದ್ಬಿಡು."

ಮಾಡಿದೆ. ಪಕ್ಕದ ಕೋಣೆಯವನು ಬಾಗಿಲು ತಟ್ಟಿ ಏನು ಬೇಯಿಸುತ್ತಿದ್ದೀಯ ಎಂದು ಕೇಳಿದ. ಏಪ್ರಿಲ್‌ನಿಂದ ಅವನ ಹೆಸರು ಗೊತ್ತಿರಲಿಲ್ಲ. ಓಬಾ. ಎರಡು ಬಟ್ಟಲು ಕುಡಿದ.

ಮೇ 30, ಶುಕ್ರವಾರ

ಇವತ್ತು ಏನೋ ತಪ್ಪಾಯಿತು. ಮೂರನೆಯ ಬಟ್ಟಲಿಗೆ ಕ್ಯಾಪ್ಟನ್ನಳ ಕಿವಿ ಅಲ್ಲಾಡಿತು, ಆದರೆ ನನಗೆ ಯಾಕೋ ಅದು ಮಾದರಿಯಲ್ಲ ಅನ್ನಿಸಿತು. ಯಾಕೆಂದು ಗೊತ್ತಿಲ್ಲ. ಆತಂಕ ಇರಬೇಕು. ಕಿವಿಯನ್ನೇ ನಂಬಿ ಬರೆದೆ, ಸರಿಯಾಗಿತ್ತು. ನನ್ನ ಅನ್ನಿಸಿಕೆಗಳನ್ನು ನಂಬಬಾರದೆಂದು ಮತ್ತೊಮ್ಮೆ ಗೊತ್ತಾಯಿತು.

ಹೊರಗೆ ಬಂದಾಗ ಕ್ಯಾಪ್ಟನ್ ಕೇಳಿದಳು, "ನಿಂಗೆ ಹೇಗ್ ಗೊತ್ತಾಗತ್ತೆ? ಅಂದ್ರೆ, ಒಳಗೆ ಏನ್ ಆಗತ್ತೆ?"

"ಏನೋ... ಅಲ್ಲಾಡಿದ ಹಾಗೆ ಆಗತ್ತೆ."

"ಎಷ್ಟ್ ಚೆನ್ನಾಗ್ ಹೇಳ್ದೆ," ಅಂದಳು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು ಕೂಡ.

ನನಗೆ ನರಕವೇ ಗತಿ.

ಜೂನ್ 6, ಶುಕ್ರವಾರ

ಹನ್ನೆರಡು ಸಲ. ಇನ್ನು ಎರಡು ವಾರ. ಮೂಗು ಹಾಗೇ ಇದೆ, ಕಲ್ಲು.

ಬೆಳಿಗ್ಗೆ ಓಬಾನ ಸಾಕ್ಸಿನ ವಿಷಯಕ್ಕೆ ಜಗಳವಾಯಿತು. ಹೊರಸಾಲಿನಲ್ಲಿ ಬಿಚ್ಚಿಟ್ಟರೆ ನಾನು ಹೇಗೆ ಓಡಾಡಬೇಕು? "ಎರಡ್ ತಿಂಗಳಿಂದ ಇಲ್ಲೇ ಇಡ್ತಿದೀನಿ, ಇವತ್ತೇನೋ ನಿಂದು?" ಅಂದ. ಜನ ಬದಲಾಗುತ್ತಾರೆ, ಯಾಕೆಂದು ಹೇಳಲಾಗದು.

ಕ್ಲಿನಿಕ್ಕಿನಲ್ಲಿ ನೀರಾನೆ ಸೀಟಿನಲ್ಲಿ ಯಾರೋ ಹೊಸಬ ಬ್ಯಾಂಕಿನವನು ಕೂತುಬಿಟ್ಟಿದ್ದ. ತಾತ ಬಾಗಿಲಲ್ಲೇ ನಿಂತರು, ಟೋಪಿ ಕೂಡ ತೆಗೆಯಲಿಲ್ಲ. ನಾನು ಹೋಗಿ, "ಸಾರ್, ಜಿರಾಫೆ ಖಾಲಿ ಇದೆ, ಅದರ ಮಂಜು ಜಾಸ್ತಿ ಜೋರು" ಅಂದೆ. ಅವನು ಎದ್ದು ಹೋದ. ಸುಳ್ಳು. ಜಿರಾಫೆ ಎಲ್ಲಕ್ಕಿಂತ ಸಪ್ಪೆ.

ತಾತ ಕೂತು, ನಳಿಕೆ ಸಿಕ್ಕಿಸಿಕೊಂಡು, ಮುಂದೆ ನೋಡುತ್ತಲೇ ಹೇಳಿದರು, "ಆದೆ ಒಳ್ಳೇದು." ಆನೆ ಅಂದರೆ ನಾನು.

ಟಿಂಗ್ ಆದ ಮೇಲೆ ಇಬ್ಬರೂ ಸೀಟಿದೆವು. ಅವರದು ಲಾರಿ, ನನ್ನದು ಇನ್ನೂ ಸ್ಕೂಟರ್ ಎಂದರು ಡಾಕ್ಟರ್.

ಜೂನ್ 13, ಶುಕ್ರವಾರ

ಮಳೆ.

ಟೀಚರ್ ನನ್ನನ್ನು ನಿಲ್ಲಿಸಿಕೊಂಡು ಕೇಳಿದರು, "ಆ ದಿನ ಬೇಗ ಬರ್ತೀಯಾ ತಾನೇ? ಶೀತ ಗೀತ ಮಾಡ್ಕೋಬೇಡ. ನಿನ್ ಮೂಗು ನಿಂದಲ್ಲ ಈಗ."

ಇವತ್ತು ಹೇಳುತ್ತಿದ್ದೆ. ಬಾಯಿ ತೆರೆದೆ. ಅವರು ನನ್ನ ಕೈಗೆ ಒಂದು ಬೇಳೆ ಹೂರಣದ ಉಂಡೆ ಇಟ್ಟರು. ಬಾಯಿ ತೆರೆದಿತ್ತಲ್ಲ, ತಿಂದೆ. ಚೆರ್ರಿ ಎಲೆಯಲ್ಲಿ ಸುತ್ತಿದ್ದು, ಎಲೆಯ ಘಮವೇ ಹೂರಣಕ್ಕಿಂತ ಮುಂದಿತ್ತು, ಸ್ವಲ್ಪ ಹೆಚ್ಚೇ ಆಯಿತೆನ್ನಬೇಕು. ಹೇಳಲಾಗಲಿಲ್ಲ.

ಜೂನ್ 20, ಶುಕ್ರವಾರ

ಕೊನೆಯ ಮಂಜು. ಹದಿನೆಂಟು ಸಲ. ಡಾಕ್ಟರ್ ಒಳಗೆ ದೀಪ ಬಿಟ್ಟು ಬಹಳ ಹೊತ್ತು ನೋಡಿದರು.

"ಬಾಗಿಲು ತೆಗ್ದಿದೆ. ಕ್ರಿಮಿ ಸಂಸಾರ ಗಂಟುಮೂಟೆ ಕಟ್ಟಿದೆ. ವಾಸನೆ ಬರ್ತಿದ್ಯಾ?"

"ಇಲ್ಲ ಡಾಕ್ಟ್ರೇ. ಒಂಚೂರೂ ಇಲ್ಲ."

"ಹೌದಾ? ಮತ್ತೆ ಬರ್ತಿದ್ದಂಗೇ ನರ್ಸಿಗೆ ಫಿನಾಯಿಲ್ ಬದಲಾಯಿಸಿದ್ರಾ ಅಂತ ಯಾಕ್ ಕೇಳ್ದೆ?"

"ಅದು ಬೇರೆ. ಅದು ಸುಮ್ನೆ ಬಂತು."

ಅವರು ಕನ್ನಡಿಯನ್ನು ಹಣೆಯ ಮೇಲಕ್ಕೆ ಸರಿಸಿ ನನ್ನನ್ನೇ ನೋಡಿದರು. "ನಾಳೆ ಹೋಗೋ ಮುಂಚೆ ಒಂದು ಕೆಲ್ಸ ಮಾಡು. ಜೋರಾಗ್ ಸೀಟು. ಸ್ಕೂಟರ್ ಅಲ್ಲ, ಲಾರಿ."

ನಾಳೆ ಬೆಳಿಗ್ಗೆ ಟೀಚರ್‌ಗೆ ಎಲ್ಲವನ್ನೂ ಹೇಳಿಬಿಡುತ್ತೇನೆ, ಚೂರು ಹಚ್ಚುವ ಮೊದಲೇ. ಖಂಡಿತ.

ಜೂನ್ 21, ಶನಿವಾರ

ಹೇಳಲಾಗಲಿಲ್ಲ. ನಾನು ಹೋಗುವಷ್ಟರಲ್ಲಿ ಟೀಚರ್ ಸುತ್ತ ಹನ್ನೊಂದು ಜನ ಹಳೆಯ ವಿದ್ಯಾರ್ಥಿಗಳಿದ್ದರು, ಎಲ್ಲರೂ ಕಪ್ಪು ಬಟ್ಟೆ, ಎಲ್ಲರೂ ಅರವತ್ತು ದಾಟಿದವರು. "ಇವನೇ," ಎಂದು ಟೀಚರ್ ನನ್ನ ಮೂಗು ತೋರಿಸಿದರು. ಎಲ್ಲರೂ ಬಗ್ಗಿ ನಮಸ್ಕರಿಸಿದರು. ಮೂಗಿಗೆ.

ಆಮೇಲೆ ಜಾಗಗಳಿಗೆ ಚೀಟಿ ಎತ್ತಿಸಿದರು. ದೊಡ್ಡ ಕೂಟದಲ್ಲಿ ಅದು ಪದ್ಧತಿ, ನನಗೆ ಗೊತ್ತಿರಲಿಲ್ಲ. ನುಕಾಗಾನಿಗೆ ಹದಿನಾಲ್ಕು, ಎಲ್ಲರಿಗಿಂತ ಕೊನೆ. ಕ್ಯಾಪ್ಟನ್‌ಗೆ ಎರಡು. ನನಗೆ ಒಂದು.

ಒಂದು ಅಂದರೆ ಬಟ್ಟಲು ಮೊದಲು ನನಗೇ. ಕಿವಿ ನನ್ನ ನಂತರ. ಕ್ಯಾಪ್ಟನ್ನಳ ಮುಖ ಬಿಳುಚಿತ್ತು, ಯಾಕೆಂದು ಆಗ ಗೊತ್ತಾಗಲಿಲ್ಲ.

ಸದ್ದಿಲ್ಲದ ಕೋಣೆ. ಬೂದಿ ಸವರುವ ಗರಿಯ ಸದ್ದೂ ಕೇಳುತ್ತಿತ್ತು. ಟೀಚರ್ ಮಾದರಿಯ ಬಟ್ಟಲನ್ನು ನನ್ನ ಮುಂದಿಟ್ಟರು. ಅದೇ ಕ್ಷಣಕ್ಕೆ ಎಡ ಹೊಳ್ಳೆ ಕಟ್ಟಿಕೊಂಡಿತು. ಸೊರ್ರೆಂದು ಎಳೆದುಕೊಳ್ಳಬಹುದಿತ್ತು, ಯಾರೂ ಏನೂ ಅನ್ನುತ್ತಿರಲಿಲ್ಲ. ಬಟ್ಟಲನ್ನು ನೋಡಿದೆ. ಟೀಚರ್ ಮೊಣಕಾಲ ಪಕ್ಕದಲ್ಲಿದ್ದ ರೇಷ್ಮೆ ಚೀಲವನ್ನು ನೋಡಿದೆ. ಅಪ್ಪನ ಕರವಸ್ತ್ರ ತೆಗೆದೆ.

ಲಾರಿ ಅಲ್ಲ, ಹಡಗು. ಕಾಗದದ ಬಾಗಿಲುಗಳು ನಡುಗಿದವು. ಹಳೆಯ ವಿದ್ಯಾರ್ಥಿಯೊಬ್ಬರು "ಅಯ್ಯೋ ದೇವ್ರೇ" ಅಂದರು. ನಾನು ಅಭ್ಯಾಸಬಲದಿಂದ ಕರವಸ್ತ್ರ ಮಡಚಿ ಜೇಬಿಗಿಟ್ಟುಕೊಂಡೆ. ಇನ್ನೊಬ್ಬರು ಕಣ್ಣು ಮುಚ್ಚಿಕೊಂಡರು.

ಬಟ್ಟಲನ್ನೆತ್ತಿ ಮೂಗಿನ ಬಳಿ ಹಿಡಿದೆ.

ಇತ್ತು. ಏನೋ ಇತ್ತು. ಹಸಿ ಪೆನ್ಸಿಲ್ ಕೆತ್ತಿದ ಹಾಗೆ, ಅದರ ಹಿಂದೆ ಬೆಲ್ಲ ಸೀದ ಹಾಗೆ. ಬಟ್ಟಲು ಕೆಳಗಿಡಲು ಮರೆತೆ. "ಯೂಗೋ, ಮುಂದಕ್ ಕೊಡು," ಎಂದು ಕ್ಯಾಪ್ಟನ್ ಪಿಸುಗುಟ್ಟಿದಳು. ಕೊಟ್ಟೆ. ಆಮೇಲಿನ ಐದು ಬಟ್ಟಲಿಗೂ ಯಾರ ಕಿವಿಯನ್ನೂ ನೋಡಲಿಲ್ಲ. ಎರಡು ಮತ್ತು ಐದು ಮಾದರಿ ಎಂದು ಬರೆದೆ. ನಾನೇ ಬರೆದೆ.

ತಪ್ಪು. ಎರಡು ಮತ್ತು ನಾಲ್ಕು. ಸರಿಯಾಗಿ ಬರೆದವನು ನುಕಾಗಾ ಒಬ್ಬನೇ.

ಟೀಚರ್ ಚೀಟಿಗಳನ್ನು ನೋಡುತ್ತಿದ್ದರು. "ಎರಡು ಮತ್ತು ಐದು ಅಂತ ಇನ್ನೊಂದ್ ಚೀಟಿ ಇದೆ. ಚಿಗುಸಾ?"

ಕ್ಯಾಪ್ಟನ್ ಎರಡೂ ಕೈ ಚಾಪೆಗೆ ಊರಿ ಬಗ್ಗಿದಳು. "ಟೀಚರ್, ನಾನು ಯೂಗೋ ಮುಖ ನೋಡಿ ಬರ್ದೆ. ಐದನೇದಕ್ಕೆ ಅವ್ನು ನಕ್ಕ. ಪ್ರತೀ ವಾರ ನುಕಾಗಾನ ಗಂಟಲು ನೋಡಿ ಬರೀತಿದ್ದೆ, ಮಾದರಿ ಬಂದ್ರೆ ಅವ್ನು ಉಗುಳು ನುಂಗ್ತಾನೆ. ನಂಗೆ ಹೋದ್ ವರ್ಷದಿಂದ ವಾಸನೆನೇ ಬರಲ್ಲ. ಕ್ಯಾಪ್ಟನ್ ಆಗ್ಬಿಟ್ಟಿದ್ನಲ್ಲ, ಹೇಗ್ ಹೇಳ್ಲಿ?"

ನಾನೂ ಬಗ್ಗಿದೆ. "ನಾನು ಇವ್ರ ಕಿವಿ ನೋಡಿ ಬರೀತಿದ್ದೆ."

"ನನ್ನ ಕಿವೀನಾ?" ಕ್ಯಾಪ್ಟನ್ ಎರಡೂ ಕಿವಿ ಮುಚ್ಚಿಕೊಂಡಳು.

"ಅಲ್ಲಾಡತ್ತೆ. ನಂಗೂ ಮೂರ್ ವರ್ಷದಿಂದ ವಾಸನೆ ಬರ್ತಿರ್ಲಿಲ್ಲ. ಇವತ್ತೇ ಬಂದಿದ್ದು ಟೀಚರ್. ಆ ಚೂರು ಹಚ್ಬೇಡಿ. ಇಂಥಾ ಮೂಗಿಗೆ ಅದು ದಂಡ."

ಟೀಚರ್ ಭುಜ ಕುಣಿಯತೊಡಗಿತು. ಅಳುತ್ತಿದ್ದಾರೆಂದುಕೊಂಡೆ. ನಗುತ್ತಿದ್ದರು.

"ನಂಗೂ ಬರಲ್ಲ ಕಣ್ರೋ," ಅಂದರು. "ಎರಡ್ ಚಳಿಗಾಲ ಆಯ್ತು. ಪೊಟ್ಟಣದ ಗುರುತು ನೋಡ್ಕೊಂಡೇ ಇಡ್ತಿದ್ದೆ. ಅದಕ್ಕೇ ಕಾಯ್ತಿದ್ದೆ, ಒಂದ್ ಒಳ್ಳೇ ಮೂಗು ಬಂದ್ರೆ ಇದನ್ನ ಹಚ್ಚಿ, ಹೇಗಿದೆ ಅಂತ ಕೇಳೋಣ ಅಂತ."

ಇಡೀ ಸಂಘದಲ್ಲಿ ಮೂಗಿದ್ದವನು ನುಕಾಗಾ ಒಬ್ಬ. ಅವನಿಗೆ ಬಾಯಿಲ್ಲ.

ಟೀಚರ್ ಚೂರನ್ನು ಇಟ್ಟೇಬಿಟ್ಟರು. ಬಟ್ಟಲನ್ನು ಮೊದಲು ನನಗೆ ಕೊಟ್ಟರು. "ಇವತ್ತ್ ಹುಟ್ಟಿದ್ ಮೂಗು, ಸುಳ್ ಹೇಳಕ್ಕೆ ಬರಲ್ಲ ಅದಕ್ಕೆ. ಹೇಳು."

ನಾನು ಹೇಳಿದೆ. ಮೊದಲು ಕಹಿ, ಕಿತ್ತಳೆ ಸಿಪ್ಪೆಯ ಒಳಗಿನ ಬಿಳಿಯ ಹಾಗೆ. ಆಮೇಲೆ ಬೆಚ್ಚಗೆ. ಆಮೇಲೆ, ಹಾಸ್ಟೆಲ್ಲಿಗೆ ಹೋದ ಮೊದಲ ವಾರ ಟ್ರಂಕು ತೆಗೆದರೆ ಅಮ್ಮ ಮಡಚಿಟ್ಟ ಸ್ವೆಟರಿನಿಂದ ಬರುತ್ತಿದ್ದದ್ದು. ಎರಡನೆಯ ವಾರಕ್ಕೆ ಅದು ಇರಲಿಲ್ಲ. ಎಲ್ಲಿಗೆ ಹೋಯಿತೆಂದು ಟ್ರಂಕಿನೊಳಗೆ ತಲೆಯಿಟ್ಟು ಹುಡುಕಿದ್ದೆ.

"ಹೂಂ," ಅಂದರು ಟೀಚರ್, ಕಣ್ಣು ಮುಚ್ಚಿಕೊಂಡು. "ಅಜ್ಜಿ ಅದನ್ನ ಬಟ್ಟೆ ಮಧ್ಯಾನೇ ಇಡ್ತಿದ್ದಿದ್ದು. ಅದೇ. ಸರಿಯಾಗಿದೆ. ಇನ್ನೇನಿದೆ?"

ನಾನು ಬಟ್ಟಲನ್ನು ಮುಂದಕ್ಕೆ ಕೊಟ್ಟೆ. ಕೊನೆಯ ಜಾಗಕ್ಕೆ ಬಟ್ಟಲು ಹೋಯಿತು. ಅಲ್ಲಿಂದ ಒಂದು ದನಿ ಬಂತು. ಯಾರದೆಂದು ಎಲ್ಲರೂ ತಿರುಗಿದರು.

"ಸ್ವಲ್ಪ ಸೋಯಾ ಸಾಸೂ ಇದೆ," ಅಂದ ನುಕಾಗಾ.

ಜೂನ್ 23, ಸೋಮವಾರ

ಇನ್ನೊಂದು ತಿಂಗಳು ಉಪ್ಪುನೀರು, ಹದಿನೈದು ದಿನಕ್ಕೊಮ್ಮೆ ತಪಾಸಣೆ ಎಂದು ಡಾಕ್ಟರ್ ಹೇಳಿದ್ದಾರೆ. ಇವತ್ತು ನನಗೆ ಮಂಜು ಇರಲಿಲ್ಲ. ಬೇರೆಯವರನ್ನು ಕರೆದುಕೊಂಡು ಹೋಗಿದ್ದೆ.

ಟೀಚರ್‌ಗೆ ಡಾಕ್ಟರ್ ಮುಚ್ಚಿಡದೆ ಹೇಳಿದರು, ಕೀವಿಲ್ಲ, ಇದು ವಯಸ್ಸಿನದು, ಇದಕ್ಕೆ ಈ ಮಂಜು ಕೆಲಸ ಮಾಡುವುದಿಲ್ಲವೆಂದು. "ಹೋಗ್ಲಿ ಬಿಡಿ, ನಂಗೀಗ ಎರಡ್ ಮೂಗಿದೆ," ಎಂದರು ಟೀಚರ್, ನನ್ನನ್ನೂ ನುಕಾಗಾನನ್ನೂ ತೋರಿಸಿ. ಕ್ಯಾಪ್ಟನ್ನಳ ಮೂಗಿನೊಳಗೆ ದೀಪ ಬಿಟ್ಟಾಗ ಮಾತ್ರ ಡಾಕ್ಟರ್‌ಗೆ ಖುಷಿಯಾಯಿತು. "ಓ! ಇಲ್ಲೂ ಸಂಸಾರ ಇದೆ!" ಲ್ಯಾಬಿಗೆ ಕಳಿಸಿದ್ದಾರೆ. ಅದು ಬರುವವರೆಗೆ ಬರೀ ಉಪ್ಪುನೀರಿನ ಮಂಜು, ಅಭ್ಯಾಸಕ್ಕೆ.

ಖಾಲಿಯಿದ್ದದ್ದು ಮೊಲದ ಸೀಟು. ಕೂತಳು. ಎರಡೂ ಹೊಳ್ಳೆಗೆ ನಳಿಕೆ ಸಿಕ್ಕಿಸಿಕೊಂಡಳು. ಪಕ್ಕದ ಆನೆಯಲ್ಲಿ ನಾನು ಸುಮ್ಮನೆ ಕೂತಿದ್ದೆ, ನಳಿಕೆಯಿಲ್ಲದೆ. ಅದರಾಚೆ ನೀರಾನೆ.

"ದಿದ್ದ ಹುಡುಗೀದಾ?" ಎಂದರು ಫುಕುಮಾ ತಾತ, ಇಡೀ ಕ್ಲಿನಿಕ್ಕಿಗೆ ಕೇಳುವ ಹಾಗೆ.

"ಕ್ಯಾಪ್ಟನ್, ತಾತ."

"ತಾತ ಏದ್ ಹೇಳಿದ್ರು?" ಎಂದು ಮೊಲದ ಸೀಟಿನಿಂದ ದನಿ ಬಂತು.

ತಾತನ ಬೂಟಿನಿಂದ ಸರೋವರದ ಕೆಸರಿನ ವಾಸನೆ ಬರುತ್ತಿತ್ತು, ಕಿಟಕಿಯಿಂದ ಮಳೆಯದು, ಕಟ್ಟೆಯಿಂದ ಸ್ಪಿರಿಟ್ಟಿನದು, ನನ್ನ ಬಲಗಡೆಯಿಂದ ಯಾವುದೋ ಸೋಪಿನದು. ಸಂಘದವರು ವಾಸನೆಯ ಸೋಪು ಹಾಕಿಕೊಳ್ಳಬಾರದು, ಅವಳಿಗೇ ಗೊತ್ತಿಲ್ಲ ಪಾಪ. ಆಮೇಲೆ ಹೇಳಬೇಕು. ಅಥವಾ ಹೇಳಬಾರದು. ಮಂಜು ಬುಸ್ಸೆನ್ನುತ್ತಿತ್ತು. ನಾನು ಜೇಬಿನಿಂದ ಕರವಸ್ತ್ರ ತೆಗೆದು ಜೋರಾಗಿ ಸೀಟಿ, ಮತ್ತೊಮ್ಮೆ ಉಸಿರೆಳೆದುಕೊಂಡೆ. ನಳಿಕೆ ಸಿಕ್ಕಿಸಿಕೊಂಡೇ ಕ್ಯಾಪ್ಟನ್ ಓರೆಗಣ್ಣಿನಲ್ಲಿ ನನ್ನ ಮುಖ ನೋಡಿದಳು.

ಮೊಲದ ಎಡಗಿವಿ ಅಲ್ಲಾಡಿತು.